ಎತ್ತರದ ಲೆಕ್ಕ ಮತ್ತು ಮಸ್ಕಿಯ ಬಂಡೆ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಹೆದ್ದಾರಿಯ ನಡುದಾರಿಯಲ್ಲಿ ಮಸ್ಕಿ ಸಿಗುತ್ತದೆ. ತುಂಗಭದ್ರೆಯ ಎಡದಂಡೆ ಕಾಲುವೆ ಹರಿದ ಮೇಲೆ ಸಿಂಧನೂರಿನ ಸುತ್ತಣ ಸೀಮೆ ಭತ್ತದ ನಾಡಾಗಿದೆ. ಲಿಂಗಸುಗೂರಿನ ಕಡೆಗೆ ಸಾಗಿದಂತೆ ನೆಲ ಒಣಗುತ್ತದೆ, ಕಲ್ಲುಗುಡ್ಡಗಳು ಕಾಣಿಸಿಕೊಳ್ಳುತ್ತವೆ. ಅದರಾಚೆ ಹಟ್ಟಿಯ ಚಿನ್ನದ ಗಣಿಯೂ ಮುದಗಲ್ಲಿನ ಕೋಟೆಯೂ ಇವೆ. ಮಸ್ಕಿಯ ಗುಡ್ಡದ ಮೇಲೆ ಮಲ್ಲಿಕಾರ್ಜುನನ ಗುಡಿ. ಜಾತ್ರೆಯ ದಿನಗಳಲ್ಲಿ ಅಲ್ಲಿಗೆ ಹತ್ತುವವರಿಗೆ ಕೊರತೆಯಿಲ್ಲ. ಅದೇ ಗುಡ್ಡಸಾಲಿನ ಒಂದು ಬಂಡೆಯ ಮೈಮೇಲೆ ಅಶೋಕ ಚಕ್ರವರ್ತಿಯ ಶಾಸನವಿದೆ. ಆ ಬಂಡೆಯನ್ನು ನೋಡಲೆಂದೇ ಬಸ್ಸಿನಿಂದ ಇಳಿಯುವವರು ವಿರಳ. ಇಳಿದವರಿಗೂ ಮೊದಲ ನೋಟಕ್ಕೆ ನಿರಾಸೆಯೇ. ಸವೆದ ಕೆಲವು ಸಾಲು ಬ್ರಾಹ್ಮೀ ಅಕ್ಷರಗಳು, ಅಷ್ಟೆ. ಕತ್ತೆತ್ತಿ ನೋಡುವಂಥದ್ದು ಅಲ್ಲಿ ಏನೂ ಇಲ್ಲ. ಓದಬೇಕೆಂದರೆ ತಲೆ ಬಾಗಿಸಬೇಕು.

ಈ ಕಾಲದ ಪ್ರವಾಸೋದ್ಯಮವಾದರೋ ಕತ್ತೆತ್ತಿ ನೋಡುವುದರ ಮೇಲೆ ನಿಂತಿದೆ. 2018ರ ಅಕ್ಟೋಬರ್ 31ರಂದು ಗುಜರಾತಿನ ಕೇವಡಿಯಾದಲ್ಲಿ ಅನಾವರಣಗೊಂಡ ಸರ್ದಾರ್ ಪಟೇಲರ ಪ್ರತಿಮೆ 182 ಮೀಟರ್ ಎತ್ತರದ್ದು. ಇಂದು ಜಗತ್ತಿನಲ್ಲಿ ಅದಕ್ಕೆ ಮಿಗಿಲಾದುದಿಲ್ಲ. ಅದಕ್ಕೆ ಮುಂಚೆ ಆ ಪಟ್ಟ ಚೀನಾದ ಹೆನಾನ್ ಪ್ರಾಂತದ 128 ಮೀಟರಿನ ಬುದ್ಧನಿಗಿತ್ತು. ಮ್ಯಾನ್ಮಾರಿನ ಲೇಚುನ್ ಸೆಕ್ಯಾ, ಜಪಾನಿನ ಉಶಿಕು ಬುದ್ಧರು ಇನ್ನೂ ಹಿಂದಿನ ಸಾಲಿನವರು. ಈ ಸಾಲಿನಲ್ಲಿ ಎರಡನೆಯವನಾದ ಕೂಡಲೇ ಮೂರ್ತಿಯ ಮುಖ್ಯ ವಿಶೇಷಣ ಕಳಚಿಬೀಳುತ್ತದೆ. ಪೀಠ ಸೇರಿಸಿ ಅಳೆಯಬೇಕೆ, ಬಿಟ್ಟು ಅಳೆಯಬೇಕೆ ಎಂಬ ವಾದ ಬೇರೆ. ನ್ಯೂಯಾರ್ಕಿನ ಸ್ವಾತಂತ್ರ್ಯದೇವಿ ತಾನಾಗಿ 46 ಮೀಟರ್, ಪೀಠ ಸಹಿತ 93. ಕರ್ನಾಟಕದ ಈಚಿನ ಮೂರ್ತಿಗಳಲ್ಲಿ ಬಸವಕಲ್ಯಾಣದ ಬಸವಣ್ಣನೂ ಬೆಂಗಳೂರು ವಿಮಾನ ನಿಲ್ದಾಣದ ಕೆಂಪೇಗೌಡನೂ 108 ಅಡಿಯವರು. ಜಪಮಾಲೆಯ ಮಣಿಗಳ ಸಂಖ್ಯೆಯೇ ಶಿಲ್ಪಿಯ ಅಳತೆಗೋಲಾದಂತಿದೆ. ಮುರುಡೇಶ್ವರದ ಶಿವ ಇದನ್ನೂ ಮೀರಿ 123 ಅಡಿ ಮುಟ್ಟಿದ್ದಾನೆ.

ಎತ್ತರದ ಮೋಹ ಇಂದಿನದಲ್ಲ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ, ಹೆಚ್ಚುಕಡಿಮೆ ಅಶೋಕನ ಕಾಲದಲ್ಲಿಯೇ, ರೋಡ್ಸ್ ದ್ವೀಪದಲ್ಲಿ ಸೂರ್ಯದೇವನ ಕಂಚಿನ ಮಹಾಮೂರ್ತಿ ಎದ್ದಿತು. ಐದಾರು ದಶಕ ನಿಂತು, ಕ್ರಿಸ್ತಪೂರ್ವ 226ರ ಸುಮಾರಿಗೆ ಭೂಕಂಪಕ್ಕೆ ಮೊಣಕಾಲು ಮುರಿದು ಬಿತ್ತು. ಬಿದ್ದ ಮೇಲೂ ನೋಡುಗರು ಬರುವುದು ನಿಲ್ಲಲಿಲ್ಲ. ಅದರ ಹೆಬ್ಬೆರಳನ್ನು ತೋಳುಗಳಲ್ಲಿ ತಬ್ಬಲು ಸಾಧ್ಯವಾಗುವವರು ಕಡಿಮೆ ಎಂದು ರೋಮಿನ ಪ್ಲಿನಿ ಬರೆದಿದ್ದಾನೆ. ಪ್ರವಾಸಿಯ ಮನಸ್ಸು ಅಂದಿಗೂ ಇಂದಿಗೂ ಒಂದೇ: ತನ್ನ ದೇಹವನ್ನು ಮೂರ್ತಿಯ ಪಕ್ಕದಲ್ಲಿಟ್ಟು ಅಳೆದು ಬೆರಗಾಗುವುದು. ಬಾಮಿಯಾನದ 55 ಮೀಟರಿನ ಬುದ್ಧನನ್ನು 2001ರ ಮಾರ್ಚಿನಲ್ಲಿ ಸಿಡಿಸಿದ ಮೇಲೆ ಉಳಿದ ಬರಿದಾದ ಗೂಡೂ ಅದೇ ಅಳತೆಯನ್ನು ಹೇಳುತ್ತ ನಿಂತಿದೆ.

ಕನ್ನಡನಾಡಿನಲ್ಲಿ ಎತ್ತರದ ಮಾತು ಬಂದರೆ ಶ್ರವಣಬೆಳಗೊಳಕ್ಕೆ ಬಾರದೆ ಗತಿಯಿಲ್ಲ. ಗಂಗ ರಾಚಮಲ್ಲನ ಮಂತ್ರಿ ಚಾವುಂಡರಾಯ ಕ್ರಿ.ಶ. 981ರ ಸುಮಾರಿಗೆ ಮಾಡಿಸಿದ ಗೊಮ್ಮಟನ ಎತ್ತರ ಸುಮಾರು 58 ಅಡಿ. ಕೇವಡಿಯಾದ ಪ್ರತಿಮೆಯ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಈಜಿಪ್ಟಿನ ಹೊರಗೆ ಇದಕ್ಕಿಂತ ಭವ್ಯವಾದುದಿಲ್ಲ, ಅಲ್ಲಿಯೂ ಇದನ್ನು ಎತ್ತರದಲ್ಲಿ ಮೀರಿಸುವ ಮೂರ್ತಿಯಿಲ್ಲ ಎಂಬರ್ಥದಲ್ಲಿ ಜೇಮ್ಸ್ ಫರ್ಗ್ಯೂಸನ್ 1876ರಲ್ಲಿ ಬರೆದ ಮಾತನ್ನು ಇಂದಿಗೂ ಕೈಪಿಡಿಗಳು ಹೆಮ್ಮೆಯಿಂದ ಎತ್ತಿ ಹೇಳುತ್ತವೆ. ಅಬು ಸಿಂಬೆಲಿನಲ್ಲಿ ಕುಳಿತ ರಾಮ್ಸೆಸನ ಮೂರ್ತಿಗಳೇ ಸುಮಾರು 20 ಮೀಟರ್ ಇರುವಾಗ ಆ ಹೊಗಳಿಕೆಯ ಉತ್ತರಾರ್ಧ ನಿಲ್ಲುವುದಿಲ್ಲ. ಮೆಚ್ಚಿಗೆಯ ಭರದಲ್ಲಿ ಬಂದ ಮಾತನ್ನು ಪ್ರಮಾಣವೆಂದು ಹಿಡಿಯುವುದು ಗೊಮ್ಮಟನಿಗೆ ಬೇಕಾಗಿಯೂ ಇಲ್ಲ.

ಏಕೆಂದರೆ ಎತ್ತರ ಒಂದೇ ಸಾಲದೆಂಬುದನ್ನು ಬೆಟ್ಟದ ಮೇಲೆಯೇ ಒಬ್ಬ ಕನ್ನಡ ಕವಿ ಹೇಳಿಹೋಗಿದ್ದಾನೆ. ಕ್ರಿ.ಶ. 1180ರ ಸುಮಾರಿನ ಬೊಪ್ಪಣ ಪಂಡಿತನ ಶಾಸನಕಾವ್ಯದ ವಾದ ಸೊಗಸಾದುದು: ಮೂರ್ತಿ ಅತಿ ಎತ್ತರವಾದರೆ ಅದರಲ್ಲಿ ಚೆಲುವು ಇರದೆ ಹೋಗಬಹುದು, ಎತ್ತರ, ಚೆಲುವು ಎರಡೂ ಇದ್ದರೆ ಅತಿಶಯ ಇರದೆ ಹೋಗಬಹುದು, ಮೂರೂ ಒಂದೆಡೆ ಕೂಡಿದ್ದು ಇಲ್ಲಿ. ಎತ್ತರವನ್ನು ಅವನು ಗುಣವೆಂದು ಎಣಿಸುವುದಕ್ಕೆ ಮುಂಚೆ ಅಪಾಯವೆಂದು ಎಣಿಸಿದ್ದಾನೆ. ಮೂರ್ತಿಶಿಲ್ಪದ ವಿಮರ್ಶೆಯಾಗಿ ಕನ್ನಡದಲ್ಲಿ ಇದಕ್ಕಿಂತ ಹಳೆಯದಾದ, ಇಷ್ಟು ಖಚಿತವಾದ ಮಾತು ದೊರಕುವುದು ಕಷ್ಟ.

ಬೆಳಗೊಳದ ನಂತರದ ಗೊಮ್ಮಟರ ಇತಿಹಾಸವೂ ಇದಕ್ಕೆ ಹೊಂದುತ್ತದೆ. 1432ರಲ್ಲಿ ವೀರಪಾಂಡ್ಯ ಕಾರ್ಕಳದಲ್ಲಿ ನಿಲ್ಲಿಸಿದ ಮೂರ್ತಿ ಸುಮಾರು 42 ಅಡಿ. 1604ರಲ್ಲಿ ತಿಮ್ಮರಾಜ ಅಜಿಲ ವೇಣೂರಿನಲ್ಲಿ ನಿಲ್ಲಿಸಿದ್ದು 35 ಅಡಿ. ರೆಂಜಾಳ ಗೋಪಾಲಕೃಷ್ಣ ಶೆಣೈ ಅವರು ಕಡೆದು 1982ರಲ್ಲಿ ಧರ್ಮಸ್ಥಳದಲ್ಲಿ ಪ್ರತಿಷ್ಠೆಗೊಂಡದ್ದು 39 ಅಡಿ. ಸಾವಿರ ವರ್ಷದ ಈ ಸಾಲಿನಲ್ಲಿ ಯಾರೂ ಚಾವುಂಡರಾಯನನ್ನು ಅಡಿಗೋಲಿನಿಂದ ಸೋಲಿಸಲು ಹೊರಡಲಿಲ್ಲ. ಜೈನರು ಎತ್ತರದ ಮೋಹವನ್ನು ಗೆದ್ದವರೆಂದು ಇದರಿಂದ ಹೇಳಲಾಗದು. ಮಧ್ಯಪ್ರದೇಶದ 84 ಅಡಿಯ ಆದಿನಾಥನಿಗೆ ಬಾವನಗಜ, ಎಂದರೆ ಐವತ್ತೆರಡು ಗಜ, ಎಂಬ ಅಳತೆಯೇ ಹೆಸರಾಗಿದೆ. ಮಹಾರಾಷ್ಟ್ರದ ಮಾಂಗಿತುಂಗಿಯಲ್ಲಿ 2016ರಲ್ಲಿ ಪ್ರತಿಷ್ಠೆಗೊಂಡ ಋಷಭದೇವನೂ 108 ಅಡಿಯವನೇ.

ಬೆಳಗೊಳಕ್ಕೂ ಹೊಸ ಮಹಾಪ್ರತಿಮೆಗಳಿಗೂ ಇರುವ ಇನ್ನೊಂದು ಭೇದ ನೋಡುವ ಕ್ರಮದ್ದು. ಕೇವಡಿಯಾದಲ್ಲಿ ಪ್ರವಾಸಿ ಲಿಫ್ಟಿನಲ್ಲಿ ಏರಿ ಪ್ರತಿಮೆಯ ಎದೆಯ ಮಟ್ಟದ ಗ್ಯಾಲರಿಯಿಂದ ನರ್ಮದೆಯನ್ನು ನೋಡುತ್ತಾನೆ. ನ್ಯೂಯಾರ್ಕಿನಲ್ಲಿ ದೇವಿಯ ಕಿರೀಟದೊಳಗಿನ ಕಿಟಕಿಯಿಂದ ಬಂದರನ್ನು ನೋಡುತ್ತಾನೆ. ಉಕ್ಕಿನ ಹಂದರಕ್ಕೆ ಲೋಹದ ಹೊದಿಕೆ ಹಾಕಿದ ಮೂರ್ತಿ ಒಳಗೆ ಪೊಳ್ಳು; ಒಳಹೊಕ್ಕವನ ಕಣ್ಣಿಗೆ ಮೂರ್ತಿಯೇ ಕಾಣುವುದಿಲ್ಲ. ಗೊಮ್ಮಟನೋ ಬೆಟ್ಟದ ನೆತ್ತಿಯ ಕಲ್ಲನ್ನೇ ಕಡೆದು ತೆಗೆದ ರೂಪ. ಆರುನೂರಕ್ಕೂ ಹೆಚ್ಚು ಮೆಟ್ಟಿಲನ್ನು ಬರಿಗಾಲಿನಲ್ಲಿ ಏರಿದವನು ಕೊನೆಗೆ ಪಾದದ ಬಳಿ ನಿಲ್ಲುತ್ತಾನೆ, ಅಲ್ಲಿಂದ ಮೇಲೆ ಹೋಗುವ ಹಾದಿಯಿಲ್ಲ. ಮಸ್ತಕದವರೆಗೆ ಅಟ್ಟಣಿಗೆ ಕಟ್ಟುವುದು ಮಹಾಮಸ್ತಕಾಭಿಷೇಕಕ್ಕೆ ಮಾತ್ರ. ಈಚಿನವು 1981, 1993, 2006, 2018ರಲ್ಲಿ ನಡೆದವು.

ಆ ಅಭಿಷೇಕದ ಕಥೆಯಲ್ಲಿಯೇ ಎತ್ತರಕ್ಕೊಂದು ಉತ್ತರವಿದೆ. ಚಾವುಂಡರಾಯ ಕೊಡಗಟ್ಟಲೆ ಹಾಲೆರೆದರೂ ಅದು ಮೂರ್ತಿಯ ತೊಡೆಯಿಂದ ಕೆಳಗಿಳಿಯಲಿಲ್ಲವಂತೆ. ಬಡ ಮುದುಕಿಯೊಬ್ಬಳು ಗುಳ್ಳಕಾಯಿಯಲ್ಲಿ ತಂದ ತುಸು ಹಾಲು ಅಡಿಯಿಂದ ಮುಡಿಯವರೆಗೆ ಮೀಯಿಸಿ ಬೆಟ್ಟದಿಂದ ಹರಿಯಿತಂತೆ. ಐತಿಹ್ಯವನ್ನು ಚರಿತ್ರೆಯೆಂದು ಓದಬೇಕಾಗಿಲ್ಲ. ಆದರೂ ನಾಡಿನ ಅತಿದೊಡ್ಡ ಮೂರ್ತಿಯನ್ನು ಮಾಡಿಸಿದವನ ಅಹಂಕಾರ ಇಳಿದ ಕಥೆಯನ್ನು ಅದೇ ಮೂರ್ತಿಯ ಎದುರಿಗೆ, ಗುಳ್ಳಕಾಯಜ್ಜಿಯ ಸಣ್ಣ ಪ್ರತಿಮೆಯ ರೂಪದಲ್ಲಿ, ಉಳಿಸಿಕೊಂಡ ಪರಂಪರೆ ಗಮನಾರ್ಹವಾದುದು.

ಅಜ್ಜಿಯ ಕಥೆಯ ಈ ಸಣ್ಣದು-ದೊಡ್ಡದರ ಪ್ರಶ್ನೆ ಅದಕ್ಕೂ ಸಾವಿರದ ಇನ್ನೂರು ವರ್ಷ ಮುಂಚೆ ಮಸ್ಕಿಯ ಬಂಡೆಯ ಮೇಲೆ ಕೆತ್ತಲ್ಪಟ್ಟಿತ್ತು. 1915ರಲ್ಲಿ, ನಿಜಾಮನ ರಾಜ್ಯದ ಅಂದಿನ ಲಿಂಗಸುಗೂರು ತಾಲ್ಲೂಕಿನಲ್ಲಿ, ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನದ ಜಾಡು ಹಿಡಿದು ಬಂದು ಈ ಶಾಸನವನ್ನು ಕಂಡನು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಸಂಪಾದಿಸಿ ಹೈದರಾಬಾದ್ ಪುರಾತತ್ತ್ವ ಗ್ರಂಥಮಾಲೆಯ ಮೊದಲ ಸಂಪುಟವಾಗಿ ಪ್ರಕಟಿಸಿದರು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಓದಿದಾಗಿನಿಂದ ದೇವಾನಾಂಪ್ರಿಯ ಪ್ರಿಯದರ್ಶಿ ಯಾರೆಂಬ ಪ್ರಶ್ನೆಯಿತ್ತು. ಸಿಂಹಳದ ಪಾಲಿ ಗ್ರಂಥಗಳ ಆಧಾರದಿಂದ ಜಾರ್ಜ್ ಟರ್ನರ್ ಅವನನ್ನು ಅಶೋಕನೆಂದು ಗುರುತಿಸಿದ್ದರೂ ಶಾಸನದ ನೇರ ಸಾಕ್ಷ್ಯ ಇರಲಿಲ್ಲ. ಆ ಸಾಕ್ಷ್ಯ ಮಸ್ಕಿಯಲ್ಲಿ ದೊರಕಿತು: ಬಿರುದಿನ ಪಕ್ಕದಲ್ಲಿಯೇ ಅಶೋಕನೆಂಬ ಹೆಸರು.

ಹೆಸರಿನ ಬೆಳಕಿನಲ್ಲಿ ಉಳಿದ ಸಾಲುಗಳು ಮಂಕಾದದ್ದು ಒಂದು ನಷ್ಟ. ಪರೀಕ್ಷೆಗೆ ಓದುವ ವಿದ್ಯಾರ್ಥಿಗಳಿಗೆ ಮಸ್ಕಿ ಎಂದರೆ ಹೆಸರಷ್ಟೇ. ಶಾಸನದ ತಿರುಳು ಬೇರೆ. ಧರ್ಮದಲ್ಲಿ ತೊಡಗಿದ ಸಣ್ಣವನೂ ಆ ಫಲವನ್ನು ಪಡೆಯಬಲ್ಲ, ದೊಡ್ಡವನಿಗೆ ಮಾತ್ರ ಅದು ಸಾಧ್ಯವೆಂದು ಎಣಿಸಬಾರದು, ಸಣ್ಣವರಿಗೂ ದೊಡ್ಡವರಿಗೂ ಇದನ್ನು ತಿಳಿಸಬೇಕು ಎಂಬುದು ಅದರ ಆಶಯ. ಭರತಖಂಡದ ಬಹುಭಾಗವನ್ನು ಆಳಿದವನು ಗುಡ್ಡದ ಬಂಡೆಯೊಂದರ ಮೇಲೆ ಬರೆಸಿದ ಮಾತಿದು. ಸ್ತಂಭಗಳನ್ನು ನಿಲ್ಲಿಸಿದ ಆ ಅರಸ ತನ್ನದೇ ಪ್ರತಿಮೆಯನ್ನು ನಿಲ್ಲಿಸಿದ ಕುರುಹು ಸಿಕ್ಕಿಲ್ಲ. ಅವನ ಹೆಸರು ಬರೆದ ಚಿತ್ರಶಿಲ್ಪ ಕನ್ನಡನಾಡಿನಲ್ಲಿಯೇ, ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ ದೊರಕಿತು. ಅದೂ ಅವನು ತೀರಿಕೊಂಡು ಬಹುಕಾಲವಾದ ಮೇಲೆ ಬೌದ್ಧ ಸ್ತೂಪವೊಂದಕ್ಕೆ ಹೊದಿಸಿದ ಸುಣ್ಣಕಲ್ಲಿನ ಫಲಕ. ರಾಣಿಯೊಡನೆ, ಪರಿಚಾರಿಕೆಯರ ನಡುವೆ ನಿಂತ ಅರಸ. ಮೇಲೆ ಬ್ರಾಹ್ಮಿಯಲ್ಲಿ ರಾಯೊ ಅಸೋಕೊ ಎಂಬ ಎರಡು ಪದ.

ಮಸ್ಕಿಗೆ ಜನರನ್ನು ಕರೆತರಬೇಕೆಂದು ಬಯಸುವವರಿಗೆ ಒಂದು ಮಹಾಪ್ರತಿಮೆಯ ಕನಸು ಸುಲಭವಾಗಿ ಬೀಳಬಹುದು. ಬಂದವರು ಆಗ ಪ್ರತಿಮೆಯನ್ನು ನೋಡಿ ಹೋದಾರು; ಬಂಡೆ ಅದರ ನೆರಳಿನಲ್ಲಿ ಉಳಿದೀತು. ಈ ನೆಲದಲ್ಲಿ ಕಾಣಲು ಇರುವುದಕ್ಕೆ ಎತ್ತರದ ಹಂಗಿಲ್ಲ. 1870ರ ದಶಕದಿಂದ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯಲ್ಲಿ ಪ್ರಾಗಿತಿಹಾಸದ ನೆಲೆಗಳನ್ನು ಹುಡುಕಿ ನಡೆದನು. 1954ರಲ್ಲಿ ಬಿ.ಕೆ. ಥಾಪರ್ ಮಸ್ಕಿಯಲ್ಲಿ ಉತ್ಖನನ ನಡೆಸಿ ತಾಮ್ರಶಿಲಾಯುಗದಿಂದ ಮಧ್ಯಯುಗದವರೆಗಿನ ವಸತಿಯ ಸ್ತರಗಳನ್ನು ಬಿಡಿಸಿದರು. ರಾಜೇಂದ್ರ ಚೋಳನೂ ಚಾಲುಕ್ಯ ಜಯಸಿಂಹನೂ ಕಾದಿದ ಮುಶಂಗಿ ಇದೇ ಮಸ್ಕಿಯೆಂಬುದು ಹಲವು ವಿದ್ವಾಂಸರ ಮತ.

ಅಶೋಕನ ಹೆಸರು ಸ್ಪಷ್ಟವಾಗಿ ಬರುವ ಲಘುಶಿಲಾಶಾಸನಗಳು ನಾಲ್ಕು ಊರುಗಳಲ್ಲಿವೆ. ಒಂದು ಮಧ್ಯಪ್ರದೇಶದ ಗುಜರ್ರಾ. ಉಳಿದ ಮೂರು, ಮಸ್ಕಿಯೂ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳೂ, ತುಂಗಭದ್ರೆಯ ಇಕ್ಕೆಲದ ಸೀಮೆಯಲ್ಲಿವೆ. ಪಶ್ಚಿಮಕ್ಕೆ ತಿರುಗಿದರೆ ಕೊಪ್ಪಳದಲ್ಲಿ ಗವಿಮಠ, ಪಾಲ್ಕಿಗುಂಡುಗಳ ಶಾಸನಗಳಿವೆ. ಜೈನರ ಮಹಾತೀರ್ಥವಾಗಿದ್ದ ಕೊಪಣವೂ ಅದೇ. ಸಿಂಧನೂರಿನಲ್ಲಿ ತಂಗಿ, ಒಂದು ದಿನ ನದಿ ದಾಟಿ ಸಿರುಗುಪ್ಪದ ಕಡೆಗೂ ಮರುದಿನ ಮಸ್ಕಿಯ ಮೇಲೆ ಲಿಂಗಸುಗೂರಿನ ಕಡೆಗೂ ಹೋಗುವ ಸಂಶೋಧನ ವಿದ್ಯಾರ್ಥಿಗೆ ಈ ಮೂರು ಹೆಸರುಗಳನ್ನೂ ಕಲ್ಲಿನ ಮೇಲೆಯೇ ಓದಲು ಬರುತ್ತದೆ. ಬೆಳಗಿನ ಓರೆ ಬಿಸಿಲಿನಲ್ಲಿ ಹೋದರೆ ಸವೆದ ಅಕ್ಷರಗಳು ಸ್ವಲ್ಪ ಚೆನ್ನಾಗಿ ಕಾಣುತ್ತವೆ.