ಬಾಗಿಲು ಬಡಿಯುವ ಪ್ರಾಯ: ಯುವ ಮಿಷನರಿಯ ದಿನಚರಿ, ಭಾಷೆ ಮತ್ತು ಅವಧಿ

ಯಲ್ಲಾಪುರದಿಂದ ಅಂಕೋಲೆಗೆ ಹೋಗುವ ಹೆದ್ದಾರಿಯಲ್ಲಿ, ಅರಬೈಲ್ ಘಟ್ಟ ಇಳಿಯುವ ಮೊದಲು ಸಿಗುವ ಊರು ಇಡಗುಂದಿ. ಹವ್ಯಕರ ಅಡಿಕೆ ತೋಟಗಳೂ ಸಿದ್ದಿಯರ ಮನೆಗಳೂ ಇರುವ ಈ ಸೀಮೆಗೆ, ಮೀಸೆ ಚಿಗುರುವ ವಯಸ್ಸಿನಲ್ಲೇ ಬದುಕನ್ನು ಧರ್ಮಕ್ಕೆ ಒಪ್ಪಿಸುವ ಸಂಗತಿ ಹೊಸದಲ್ಲ. ಸೋಂದಾ ಸ್ವರ್ಣವಲ್ಲಿ ಮಠದಲ್ಲಿ 2024ರ ಫೆಬ್ರವರಿಯಲ್ಲಿ ಗಂಗಾಧರೇಂದ್ರ ಸರಸ್ವತೀ ಸ್ವಾಮಿಗಳು ಆನಂದಬೋಧೇಂದ್ರ ಸರಸ್ವತಿಯವರಿಗೆ ಸಂನ್ಯಾಸ ದೀಕ್ಷೆ ಕೊಟ್ಟದ್ದು ಇನ್ನೂ ಎಲ್ಲರ ನೆನಪಿನಲ್ಲಿದೆ. ಪಕ್ಕದ ಮುಂಡಗೋಡಿನ ಟಿಬೆಟನ್ ವಿಹಾರಗಳಲ್ಲಿ ಬಾಲಭಿಕ್ಷುಗಳು ಬೆಳಗಿನಿಂದ ಪಾಠ ಒಪ್ಪಿಸಿ, ಸಂಜೆ ಅಂಗಳದಲ್ಲಿ ಚಪ್ಪಾಳೆ ತಟ್ಟಿ ತರ್ಕ ಮಾಡುತ್ತಾರೆ. ಈ ಎರಡೂ ಕಡೆ ಜನ ಸಾಧಕನಿದ್ದಲ್ಲಿಗೆ ಬರುತ್ತಾರೆ. ಸಾಧಕನೇ ಅನ್ಯರ ಬಾಗಿಲಿಗೆ ಹೋಗುವ ಮೂರನೆಯ ಬಗೆಯೊಂದಿದೆ. ಕ್ರೈಸ್ತ ಮಿಷನರಿಯ ಆ ಬದುಕು, ಅದರಲ್ಲೂ ಇಪ್ಪತ್ತರ ಆಸುಪಾಸಿನ ಮಿಷನರಿಯ ದಿನಚರಿ, ಈ ಲೇಖನದ ವಿಷಯ.

ಮಿಷನ್ನುಗಳ ಇತಿಹಾಸ ಬರೆಯುವಾಗ ದೀಕ್ಷಾಸ್ನಾನಗಳ ಲೆಕ್ಕವನ್ನೇ ಮುಂದಿಡುವುದು ರೂಢಿ. ಪರವಾಗಿ ಬರೆಯುವವರೂ ವಿರೋಧಿಸಿ ಬರೆಯುವವರೂ ಇದೇ ಅಳತೆಗೋಲನ್ನು ಹಿಡಿಯುತ್ತಾರೆ. ನನ್ನ ವಾದ ಬೇರೆ. ಮಿಷನರಿ ದಿನದ ಗಂಟೆಗಳನ್ನು ಯಾವ ಭಾಷೆಯಲ್ಲಿ, ಯಾರ ಜೊತೆ, ಎಷ್ಟು ವರ್ಷ ಕಳೆದ ಎಂಬುದನ್ನು ನೋಡಬೇಕು. ಅವನು ನೆಲದಲ್ಲಿ ಏನು ಬಿಟ್ಟುಹೋದ, ತಾನೇನಾದ ಎಂಬೆರಡೂ ಅಲ್ಲಿಯೇ ನಿರ್ಧಾರವಾಗುತ್ತವೆ. ಉತ್ಸಾಹದ ಪಾತ್ರ ಇದರಲ್ಲಿ ನಾವು ಭಾವಿಸುವಷ್ಟು ದೊಡ್ಡದಲ್ಲ.

ಜೋಸೆಫ್ ಸ್ಮಿತ್ 1830ರಲ್ಲಿ ಅಮೆರಿಕದಲ್ಲಿ ಸ್ಥಾಪಿಸಿದ ಲ್ಯಾಟರ್-ಡೇ ಸೇಂಟ್ಸ್ ಸಭೆಯನ್ನು ಲೋಕ ಮಾರ್ಮನ್ ಎಂದು ಗುರುತಿಸುತ್ತದೆ. ಅದರ ಯುವಕರು ಎರಡು ವರ್ಷ, ಯುವತಿಯರು ಹದಿನೆಂಟು ತಿಂಗಳು ಮಿಷನ್ ಸೇವೆ ಮಾಡುತ್ತಾರೆ. ಯುವಕರು ಹದಿನೆಂಟಕ್ಕೇ ಹೊರಡಬಹುದೆಂಬ ನಿಯಮ ಬಂದದ್ದು 2012ರಲ್ಲಿ. ಇದಕ್ಕೆ ಸಂಬಳವಿಲ್ಲ, ಖರ್ಚಿನ ಬಹುಭಾಗವನ್ನು ಸ್ವತಃ ಅಥವಾ ಮನೆಯವರು ಹೊರಬೇಕು. ಹೊತ್ತು ಏರುವ ಮೊದಲೇ ಎದ್ದು ಪ್ರಾರ್ಥನೆ, ವ್ಯಾಯಾಮ, ಒಂಟಿಯಾಗಿ ಗ್ರಂಥಪಾಠ, ಬಳಿಕ ಜೊತೆಗಾರನೊಂದಿಗೆ ಪಾಠ, ಪರಭಾಷೆಯ ಊರಾದರೆ ಭಾಷಾಭ್ಯಾಸ. ಹಗಲೆಲ್ಲ ಭೇಟಿ, ಬೋಧನೆ, ಸೇವೆ. ರಾತ್ರಿ ಮರುದಿನದ ಯೋಜನೆ. ಎದೆಯ ಮೇಲೆ ಹೆಸರಿನ ಫಲಕ. ಬಟ್ಟೆ ಒಗೆಯಲು, ಪೇಟೆಗೆ ಹೋಗಲು, ಪತ್ರ ಬರೆಯಲು ವಾರಕ್ಕೊಂದು ದಿನ. ಮನೆಯವರೊಂದಿಗೆ ವಾರಕ್ಕೊಮ್ಮೆ ಫೋನಿನಲ್ಲಿ ಮಾತನಾಡಲು ಅನುಮತಿ ಸಿಕ್ಕಿದ್ದು 2019ರಲ್ಲಷ್ಟೇ.

ಈ ವ್ಯವಸ್ಥೆಯ ತಿರುಳಿರುವುದು ಜೊತೆಗಾರನಲ್ಲಿ. ಅವನನ್ನು ಆರಿಸುವುದು ಮೇಲಿನವರು. ಕೆಲವು ತಿಂಗಳಿಗೊಮ್ಮೆ ಅವನೂ ಬದಲಾಗುತ್ತಾನೆ, ಊರೂ ಬದಲಾಗುತ್ತದೆ. ಒಪ್ಪದ ಸ್ವಭಾವದವನ ಜೊತೆ ಒಂದೇ ಕೋಣೆಯಲ್ಲಿ ಮಲಗಿ, ಒಂದೇ ಪಾತ್ರೆಯಲ್ಲಿ ಬೇಯಿಸಿ, ಅವನ ಕಣ್ಣಳತೆಯಿಂದ ಆಚೆ ಹೋಗದೆ ಬದುಕಬೇಕು. ವಾರಕ್ಕೊಮ್ಮೆ ಇಬ್ಬರೂ ಕೂತು ಪರಸ್ಪರರ ಕೊರತೆಗಳನ್ನು ಬಾಯಿಬಿಟ್ಟು ಹೇಳಿ ಸರಿಪಡಿಸಿಕೊಳ್ಳುವ ರೂಢಿಯೂ ಇದೆ. ಹದಿನೆಂಟರ ಹುಡುಗನಿಗೆ ಇದು ಉಪದೇಶಕ್ಕಿಂತ ಕಠಿಣವಾದ ತಪಸ್ಸು. ಅವನು ಅಲ್ಲಿ ಪ್ರೌಢನಾಗುತ್ತಾನೆ ಎಂಬುದನ್ನು ನಾನು ಪೂರ್ಣ ಗೌರವದಿಂದ ಒಪ್ಪುತ್ತೇನೆ.

ಈ ಸಭೆಯ ಬೆಂಗಳೂರು ಮಿಷನ್ ಸ್ಥಾಪನೆಯಾದದ್ದು 1993ರಲ್ಲಿ. ಪಂಜಾಬಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಪ್ರಾಧ್ಯಾಪಕರಾಗಿದ್ದ ಗುರ್ಚರಣ್ ಸಿಂಗ್ ಗಿಲ್ ಅದರ ಮೊದಲ ಅಧ್ಯಕ್ಷರು. ಬೆಂಗಳೂರಿನಲ್ಲಿ ದೇವಾಲಯ ಕಟ್ಟುವುದಾಗಿ 2018ರಲ್ಲಿ ಘೋಷಣೆಯಾಯಿತು. ವಿದೇಶಿಯರಿಗೆ ಮಿಷನರಿ ವೀಸಾ ಸುಲಭವಲ್ಲದ್ದರಿಂದ ಇಲ್ಲಿ ಸೇವೆ ಮಾಡುವವರಲ್ಲಿ ಭಾರತೀಯ ಯುವಕರೇ ಹೆಚ್ಚು. ಸಭೆಯ ವ್ಯವಹಾರದಲ್ಲಿ ಇಂಗ್ಲಿಷಿಗೆ ದೊಡ್ಡ ಪಾಲು. ನಗರ, ಸಭಾಗೃಹ, ಜೊತೆಗಾರ, ವರ್ಗಾವಣೆ: ಈ ನಾಲ್ಕು ಕಂಬಗಳ ಮೇಲೆ ನಿಂತ ದಿನಚರಿ ಇಡಗುಂದಿಯಂಥ ಊರಿನಲ್ಲಿ ಬೇರು ಬಿಡುವ ಬಗೆಯದಲ್ಲ.

ಈ ಮಿತಿ ಹೊಸದೂ ಅಲ್ಲ. 1853ರ ಏಪ್ರಿಲ್‌ನಲ್ಲಿ ಮಾರ್ಮನ್ ಮಿಷನರಿಗಳ ತಂಡವೊಂದು ಅಮೆರಿಕದಿಂದ ಕಲ್ಕತ್ತೆಗೆ ಬಂದಿಳಿಯಿತು. ಅವರಲ್ಲಿ ರಿಚರ್ಡ್ ಬ್ಯಾಲಂಟೈನ್ ಮದರಾಸಿಗೆ ಹೋದರು; ಮುಂಬಯಿ, ಪುಣೆಗಳಲ್ಲಿ ಹ್ಯೂ ಫಿಂಡ್ಲೆ ಆಗಲೇ ಕೆಲಸ ಮಾಡುತ್ತಿದ್ದರು. ಕೈಯಲ್ಲಿ ಹಣವಿಲ್ಲದೆ, ಆತಿಥ್ಯವನ್ನೇ ನಂಬಿ ಓಡಾಡಿದ ಇವರ ಧೈರ್ಯ ದೊಡ್ಡದು. ಆದರೆ ಅವರ ಮಾತು ಬಹುಪಾಲು ದಂಡುಪ್ರದೇಶದ ಇಂಗ್ಲಿಷ್ ಸೈನಿಕರನ್ನೂ ಯುರೋಪಿಯನ್ನರನ್ನೂ ದಾಟಲಿಲ್ಲ. 1856ರ ಹೊತ್ತಿಗೆ ಆ ಪ್ರಯತ್ನ ಮುಗಿದಿತ್ತು.

ಅದೇ 1853ರಲ್ಲಿ ಇನ್ನೊಬ್ಬ ತರುಣ ಕನ್ನಡ ನಾಡಿಗೆ ಬಂದ. ಉತ್ತರ ಜರ್ಮನಿಯ ಪಾದ್ರಿಯೊಬ್ಬರ ಮಗ, ವಯಸ್ಸು ಇಪ್ಪತ್ತೊಂದು, ಹೆಸರು ಫರ್ಡಿನಾಂಡ್ ಕಿಟ್ಟೆಲ್. ಅವನನ್ನು ಕಳಿಸಿದ ಬಾಸೆಲ್ ಮಿಷನ್ ಅಷ್ಟರಲ್ಲಿ ಮಂಗಳೂರು (1834), ಧಾರವಾಡ (1837), ಹುಬ್ಬಳ್ಳಿ (1839)ಗಳಲ್ಲಿ ನೆಲೆಯೂರಿತ್ತು. ಬಾಸೆಲ್ಲಿನ ಶಿಸ್ತು ಮಾರ್ಮನ್ನರದಕ್ಕಿಂತ ಸಡಿಲವಾಗಿರಲಿಲ್ಲ: ಮದುವೆಗೆ ಸಮಿತಿಯ ಅಪ್ಪಣೆ, ಕೆಲಸಕ್ಕೆ ನಿಯತ ವರದಿ, ಹಿರಿಯ ಸಹೋದರರ ನಿಗಾ. ವ್ಯತ್ಯಾಸವಿದ್ದದ್ದು ಅವಧಿಯಲ್ಲಿ. ಹೊರಟವನು ಆಯುಷ್ಯಕ್ಕೇ ಹೊರಟಂತೆ. ಆದ್ದರಿಂದ ಭಾಷೆ ಕಲಿಯುವುದು ಉಪಕಸುಬಾಗದೆ ನಿತ್ಯದ ಅನುಷ್ಠಾನವೇ ಆಯಿತು.

ಧಾರವಾಡ–ಹುಬ್ಬಳ್ಳಿ ಸೀಮೆಯಲ್ಲಿ ಕಿಟ್ಟೆಲ್ ಹಳ್ಳಿ ಸುತ್ತಿದರು, ಪಂಡಿತರ ಬಳಿ ಕೂತರು. ಮಿಷನ್ ಬಂಗಲೆ ತನ್ನನ್ನು ಜನರಿಂದ ದೂರ ಇಡುತ್ತದೆಂದು ಅವರಿಗೆ ಬಲವಾಗಿ ಅನ್ನಿಸಿತು. ಭಾರತೀಯರ ನಡುವೆ ಭಾರತೀಯನಂತೆ ಬದುಕಬೇಕೆಂಬುದು ಅವರ ಹಂಬಲ. ಸಂಸ್ಥೆಯ ಹಿರಿಯರಿಗೆ ಇದು ಶಿಸ್ತಿನ ಉಲ್ಲಂಘನೆಯಾಗಿ ಕಂಡಿತು, ಕಿಟ್ಟೆಲರ ವಿದ್ವತ್ತಿನ ಆಸಕ್ತಿ ಕೆಲಸಬಿಟ್ಟ ಕೆಲಸವಾಗಿ ತೋರಿತು. ಮತಾಂತರದ ಲೆಕ್ಕದಲ್ಲಿ ಅವರು ಸೋತವರೇ. ಸ್ವಂತ ಬಳಗದಲ್ಲೂ ಒಂಟಿಯಾದ ಈ ಕಾಲವೇ ಅವರ ಆಧ್ಯಾತ್ಮಿಕ ಬೆಳವಣಿಗೆಯ ನಿಜವಾದ ಕಾಲ ಎಂದು ನನ್ನ ತೀರ್ಮಾನ. ಹೇಳಲು ಬಂದವನು ಕೇಳಲು ಕಲಿತದ್ದು ಆಗ. 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತಚರಿತ್ರೆಯನ್ನು ನಮ್ಮ ಛಂದಸ್ಸಿಗೆ ಒಗ್ಗಿಸಿದರು. ನಾಗವರ್ಮನ ಛಂದಸ್ಸನ್ನು 1875ರಲ್ಲಿ ಸಂಪಾದಿಸಿದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಸುಮಾರು 70,000 ಪದಗಳ ನಿಘಂಟಿನಲ್ಲಿ ಶಾಸ್ತ್ರಕಾವ್ಯಗಳ ಜೊತೆ ಗಾದೆಯೂ ಬೀದಿಮಾತೂ ಸ್ಥಾನ ಪಡೆದವು. ಕೊನೆಯವರೆಗೂ ಅವರು ನಿಷ್ಠ ಕ್ರೈಸ್ತರಾಗಿಯೇ ಇದ್ದರು. ನಂಬಿಕೆ ಗಟ್ಟಿಯಾಗುತ್ತಲೇ ಅನ್ಯರ ಮಾತಿನ ಮೇಲಿನ ಗೌರವ ಬೆಳೆಯಬಹುದೆಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಡ.

ಎದುರು ದಿಕ್ಕಿನ ಪಯಣವೂ ಒಂದಿದೆ. ಮಂಗಳೂರಿನ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯ, ಬಾಸೆಲ್ ಮಿಷನರಿ ಹರ್ಮನ್ ಮೊಗ್ಲಿಂಗರ ಶಿಷ್ಯ, 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದ. 1846ರಲ್ಲಿ ಗುರುವಿನ ಜೊತೆ ಬಾಸೆಲ್ಲಿಗೆ ಹೋಗಿ, ಅಲ್ಲಿನ ಸೆಮಿನರಿಯಲ್ಲಿ ಓದಿ, 1851ರಲ್ಲಿ ಪಾದ್ರಿಯಾಗಿ ಮರಳಿದ. ಕರಾವಳಿಯ ಊಟ, ಹವೆ, ಮನೆಮಾತು ಬಿಟ್ಟು ಜರ್ಮನ್ ಗಂಟೆಯ ಶಿಸ್ತಿಗೆ ಮೈಯೊಡ್ಡಿದ ಆ ವರ್ಷಗಳನ್ನು ನಮ್ಮ ಸಾಹಿತ್ಯಚರಿತ್ರೆ ಒಂದೆರಡು ಸಾಲಿನಲ್ಲಿ ದಾಟಿಬಿಡುತ್ತದೆ. ಅದು ಅನ್ಯಾಯ. ಬಿಟ್ಟುಬಂದ ಮನೆಯವರ ಸಂಕಟವನ್ನೂ ಅದೇ ಚರಿತ್ರೆಯಲ್ಲಿ ಸೇರಿಸಬೇಕು. ಒಬ್ಬನ ಆತ್ಮೋನ್ನತಿ ಇನ್ನೊಂದು ಮನೆಯ ಅಳುವಾಗಬಹುದು. ಸಂವಿಧಾನದ 25ನೇ ವಿಧಿ ಧರ್ಮಪ್ರಸಾರದ ಹಕ್ಕನ್ನು ಕೊಟ್ಟಿದೆ. ಅದು ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟು 1977ರಲ್ಲಿ ಹೇಳಿದೆ. ಮಿಷನರಿಯ ದಿನಚರಿಯನ್ನು ಸಹಾನುಭೂತಿಯಿಂದ ಓದುವವರು ಬಾಗಿಲೊಳಗಿನವರ ಅಳುಕನ್ನೂ ಅಷ್ಟೇ ಸಹಾನುಭೂತಿಯಿಂದ ಓದಬೇಕು.

ಗಂಟೆ, ಭಾಷೆ, ಅವಧಿಗಳ ಈ ಅಳತೆಯನ್ನು ನಮ್ಮ ಘಟ್ಟಕ್ಕೆ ತಂದು ನೋಡುವ ಕೆಲಸ ಬಾಕಿಯಿದೆ. ಉತ್ತರ ಕನ್ನಡದ ಸಿದ್ದಿಯರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಬಗೆಯವರಿದ್ದಾರೆ. ಯಲ್ಲಾಪುರ–ಅಂಕೋಲೆಯ ಕಡೆ ಹಿಂದೂಗಳು ಹೆಚ್ಚು, ಹಳಿಯಾಳ–ಮುಂಡಗೋಡಿನ ಕಡೆ ಕ್ರೈಸ್ತರು ಗಣನೀಯ. ಅಲ್ಲಿ ಕ್ಯಾಥೊಲಿಕ್ ಪರಂಪರೆ ಕೊಂಕಣಿ ಪ್ರಾರ್ಥನೆಯೊಂದಿಗೆ ತಲೆಮಾರುಗಳಿಂದ ಉಳಿದಿದೆ. ಎರಡು ವರ್ಷದ ದಿನಚರಿ ಮುಖ್ಯವಾಗಿ ಮಿಷನರಿಯನ್ನು ರೂಪಿಸುತ್ತದೆ. ತಲೆಮಾರುಗಳ ಸಹವಾಸ ನೆಲವನ್ನು ರೂಪಿಸುತ್ತದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಾಲೇಜುಗಳಲ್ಲಿ ಇತಿಹಾಸ ಓದುತ್ತಿರುವ ತರುಣರಲ್ಲಿ ನನ್ನ ಕೋರಿಕೆ ಇದು. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಸಂಗ್ರಹದಲ್ಲಿ ಬಾಸೆಲ್ ಮಿಷನ್ನಿನ ಹಳೆಯ ಕಾಗದಪತ್ರಗಳಿವೆ. ಅವುಗಳಲ್ಲಿ ದೀಕ್ಷೆಯ ಅಂಕಿಗಳ ಜೊತೆಗೆ ದಿನದ ಗಂಟೆಗಳನ್ನೂ ಹುಡುಕಿ. ಹಾಗೆಯೇ ಹಳಿಯಾಳ, ಮುಂಡಗೋಡಿನ ಸಿದ್ದಿ ಹಿರಿಯರ ಬಳಿ ಹೋಗಿ, ತಮ್ಮೂರಿಗೆ ಬಂದ ಪಾದ್ರಿಗಳು ಹೇಗೆ ಬದುಕಿದರೆಂದು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ಕಾಗದ ಕಾಯಬಹುದು, ಆ ಹಿರಿಯರ ನೆನಪು ಕಾಯುವುದಿಲ್ಲ. ಅದನ್ನೇ ಮೊದಲು ಮಾಡಿ.