ನೀರಾವರಿ ಜೋಡಣೆಗಳ ಅಚ್ಚುವಿಧಾನವೂ ಅವುಗಳ ಯಾಂತ್ರಿಕ ಬಲವೂ

ಆದಿವಾಲವನ್ನೊಳಗೊಂಡ ಹಿರಿಯೂರು ಸೀಮೆಯಲ್ಲಿ, ಕಾಲುವೆಯ ನೀರು ಏರದೆಡೆ ಕೊಳವೆಬಾವಿಯನ್ನೇ ನೆಚ್ಚಿ ತೆಂಗು ಅಡಿಕೆಗಳನ್ನು ಉಳಿಸಿಕೊಂಡ ರೈತನಿಗೆ, ಹನಿ ನೀರಾವರಿಯ ಪೈಪಿಗಿಂತ ಅದನ್ನು ಕೂಡಿಸುವ ಟೀ, ಎಲ್ಬೋಗಳೇ ಹೆಚ್ಚು ಚಿಂತೆಗೆ ಕಾರಣವಾಗತಕ್ಕವು. ಒಂದು ಟೀ ಸೀಳಿತೆಂದರೆ, ಕರೆಂಟು ಇರುವ ಕೆಲವೇ ಗಂಟೆಗಳಲ್ಲಿ ಎತ್ತಿದ ನೀರು ಗಿಡದ ಬುಡ ಸೇರದೆ ಹರಿದುಹೋಗುತ್ತದೆ. ಈ ಜೋಡಣೆಗಳು ಕರಗಿದ ಪ್ಲಾಸ್ಟಿಕ್ಕನ್ನು ಮುಚ್ಚಿದ ಅಚ್ಚಿನೊಳಕ್ಕೆ ಒತ್ತಡದಿಂದ ನುಗ್ಗಿಸಿ ತಣಿಸಿದವು. ಕಚ್ಚಾವಸ್ತು ಒಂದೇ ಆಗಿದ್ದರೂ, ನುಗ್ಗಿಸುವ ಕ್ರಮ ಬದಲಾದೊಡನೆ ಬಲವೂ ಬದಲಾಗುವುದೆಂಬುದು ಇಲ್ಲಿಯ ಪ್ರತಿಪಾದ್ಯ.

ಸೀಳಿದ ಪಿವಿಸಿ ಟೀಯೊಂದನ್ನು ಕೈಯಲ್ಲಿ ಹಿಡಿದು ನೋಡಿದರೆ, ಒಂದು ಮಗ್ಗುಲಲ್ಲಿ ಪ್ಲಾಸ್ಟಿಕ್ ದ್ರವ ಒಳಹೊಕ್ಕ ಗೇಟನ್ನು ಕತ್ತರಿಸಿದ ಗುರುತೂ, ಎದುರು ಮಗ್ಗುಲಲ್ಲಿ ಗೆರೆ ಎಳೆದಂಥ ಬಿರುಕೂ ಅನೇಕ ವೇಳೆ ಕಾಣುತ್ತವೆ. ಗೇಟಿನಿಂದ ಬಂದ ಪ್ರವಾಹವು ಅಚ್ಚಿನ ನಡುವಣ ಉಕ್ಕಿನ ತಿರುಳನ್ನು ಬಳಸಿ ಇಬ್ಭಾಗವಾಗಿ ಹರಿದು, ಆಚೆಯ ಬದಿಯಲ್ಲಿ ಮತ್ತೆ ಸಂಧಿಸುತ್ತದೆ. ಅಷ್ಟರಲ್ಲಿ ಅದರ ಮುಂಚೂಣಿ ತಣಿದಿದ್ದರೆ ದೀರ್ಘ ಅಣುಸರಪಣಿಗಳು ಪರಸ್ಪರ ಹೆಣೆದುಕೊಳ್ಳಲಾರದೆ ದುರ್ಬಲವಾದ ಬೆಸುಗೆ ರೇಖೆಯೊಂದು ಉಳಿಯುತ್ತದೆ. ಕೊಳವೆಯೊಳಗಿನ ನೀರಿನ ಒತ್ತಡವು ಗೋಡೆಯನ್ನು ಉದ್ದಕ್ಕೆ ಎಳೆಯುವುದರ ಎರಡರಷ್ಟು ಬಲದಿಂದ ಸುತ್ತಳತೆಯ ದಿಕ್ಕಿನಲ್ಲಿ ಎಳೆಯುವುದಾದ್ದರಿಂದ, ಉದ್ದಕ್ಕೆ ಬಿದ್ದ ಆ ರೇಖೆಯೇ ಗರಿಷ್ಠ ಸೆಳೆತಕ್ಕೆ ಗುರಿಯಾಗುತ್ತದೆ.

ತಾಪವನ್ನೇರಿಸಿದರೆ ಬೆಸುಗೆ ಗಟ್ಟಿಯಾದೀತು, ನಿಜ. ಆದರೆ ಪಿವಿಸಿ ಸುಮಾರು 200 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಹೈಡ್ರೋಜನ್ ಕ್ಲೋರೈಡನ್ನು ಬಿಟ್ಟು ವಿಘಟಿಸತೊಡಗುತ್ತದೆ. 1946ರಲ್ಲಿ ಜೇಮ್ಸ್ ಹೆಂಡ್ರಿ ರೂಪಿಸಿದ ತಿರುಪಿನ ಯಂತ್ರವು ದ್ರವವನ್ನು ಸಮವಾಗಿ ಕಾಯಿಸಿ ಕಲಸುವ ಉಪಕಾರವನ್ನು ಮಾಡಿತಾದರೂ ಈ ಮಿತಿಯನ್ನು ಅಳಿಸಲಿಲ್ಲ. ಇಂಥ ಜೋಡಣೆಗಳಿಗೆ ಬಳಸುವ ಇನ್ನೊಂದು ಪ್ಲಾಸ್ಟಿಕ್ಕಾದ ಪಾಲಿಪ್ರೊಪಿಲೀನಿನ ತೊಡಕು ಬೇರೆ: ಅಚ್ಚು ಬೆಚ್ಚಗಿದ್ದು ನಿಧಾನವಾಗಿ ತಣಿದರೆ ಸ್ಫಟಿಕಾಂಶ ಹೆಚ್ಚಿ ಬಿಗಿತ ಬರುತ್ತದೆ, ಪೆಟ್ಟು ತಾಳುವ ಗುಣ ಕುಗ್ಗುತ್ತದೆ. ತುಂಬಿದ ಮೇಲೆ ಒತ್ತಡವನ್ನು ಸಾಕಷ್ಟು ಹೊತ್ತು ಹಿಡಿಯದಿದ್ದರೆ ಕುಗ್ಗುವಿಕೆಯಿಂದ ದಪ್ಪ ಭಾಗದಲ್ಲಿ ಪೊಳ್ಳು ಉಳಿಯುತ್ತದೆ; ಅತಿಯಾಗಿ ಹಿಡಿದರೆ ಗೇಟಿನ ಬಳಿ ಸೆಳೆತ ಶೇಷವಾಗಿ ನಿಲ್ಲುತ್ತದೆ.

ಕಚ್ಚಾವಸ್ತುವಿನೊಡನೆ ಬರುವ ಕೋಷ್ಟಕದ ಕರ್ಷಣಬಲವು, ಸಾಮಾನ್ಯವಾಗಿ ಒಂದೇ ತುದಿಯಿಂದ ತುಂಬಿಸಿದ, ಬೆಸುಗೆ ರೇಖೆಯೇ ಇಲ್ಲದ ಪಟ್ಟಿಯಲ್ಲಿ ಅಳೆದದ್ದು. ಅದನ್ನು ಟೀಯ ಬಲವೆಂದು ಭಾವಿಸುವುದು ಸರ್ವಥಾ ಸಲ್ಲದು. ನೀರಾವರಿಯ ಪಿವಿಸಿ ಕೊಳವೆಗಳ ಒತ್ತಡಮಾನವನ್ನು ನಮ್ಮ ದೇಶದಲ್ಲಿ 27 ಡಿಗ್ರಿಗೆ ನಿಗದಿಪಡಿಸಿದ್ದಾರೆ. ಬಯಲುಸೀಮೆಯ ಬಿಸಿಲಿನಲ್ಲಿ ನೆಲದ ಮೇಲೆಯೇ ಬಿದ್ದಿರುವ ಜೋಡಣೆ ಅದಕ್ಕಿಂತ ಬಹಳ ಕಾಯುವುದರಿಂದ, ಗೇಟಿನ ಸ್ಥಾನವನ್ನು ಬದಲಿಸಿ ಬೆಸುಗೆ ರೇಖೆಯನ್ನು ದಪ್ಪನಾದ ಅಂಚಿಗೆ ಸರಿಸುವುದೂ, ಸಿದ್ಧವಾದ ಟೀಯನ್ನೇ ಬಿಸಿನೀರಿನಲ್ಲಿಟ್ಟು ಒಡೆಯುವವರೆಗೆ ಒತ್ತಡಕ್ಕೊಡ್ಡಿ ಪರೀಕ್ಷಿಸುವುದೂ ತಯಾರಕರ ಕರ್ತವ್ಯವಾಗಬೇಕೆಂದು ನನ್ನ ದೃಢಮತ.