ಹೋಗಿ ಬರುವವರ ಮುದ್ರೆ

ಮನೆಯಿಂದ ಹೊರಡುವಾಗ ನಾವು ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಹೋಗಿ ಬರುತ್ತೇನೆ’ ಎನ್ನುತ್ತೇವೆ. ಬಾಲ್ಯದಲ್ಲಿ ಬಾಯಿ ತಪ್ಪಿ ‘ಹೋಗ್ತೀನಿ’ ಎಂದರೆ ಅಜ್ಜಿ ತಿದ್ದಿ ಮತ್ತೆ ಹೇಳಿಸುತ್ತಿದ್ದರು. ಆ ಪಾಠದ ಬೆಲೆ ನನಗೆ ತಿಳಿದದ್ದು 2017ರಲ್ಲಿ, ಚೆನ್ನೈಯ ಅಮೆರಿಕನ್ ದೂತಾವಾಸದ ಕಿಟಕಿಯ ಮುಂದೆ.

ಪ್ರವಾಸಿ ವೀಸಾ ಕೇಳುವ ಪ್ರತಿಯೊಬ್ಬನನ್ನೂ ಅಮೆರಿಕದ ಕಾನೂನು ಅಲ್ಲಿಯೇ ನೆಲಸಲು ಬರುವವನೆಂದು ಮೊದಲು ಭಾವಿಸುತ್ತದೆ. ಹಾಗಲ್ಲವೆಂದು ಮನವರಿಕೆ ಮಾಡಿಕೊಡುವ ಹೊಣೆ ಅರ್ಜಿದಾರನದೇ. ಊರಿನಲ್ಲಿ ಯಾರಿದ್ದಾರೆಂದು ಅಧಿಕಾರಿ ಕೇಳಿದಾಗ ನನ್ನ ಮಡದಿ, “ಅತ್ತೆಯವರಿದ್ದಾರೆ, ಅವರನ್ನು ಬಿಟ್ಟು ಬಹಳ ದಿನ ಇರುವಂತಿಲ್ಲ” ಎಂದಳು. ಅದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಕೆಲವು ದಿನಗಳ ಬಳಿಕ ಪಾಸ್‌ಪೋರ್ಟುಗಳು ಬಂದವು. ಒಳಗೆ ಹತ್ತು ವರ್ಷಗಳ ಬಹುಪ್ರವೇಶ ವೀಸಾ ಅಂಟಿಸಿತ್ತು.

ಇತಿಹಾಸ ಬೋಧಿಸಿದವನಿಗೆ ಒಂದು ಚೀಟಿ ಕಂಡರೆ ಅದರ ಮೂಲ ಹುಡುಕುವ ಚಪಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಮುದ್ರಾಧ್ಯಕ್ಷ’ ಎಂಬ ಅಧಿಕಾರಿಯ ಪ್ರಸ್ತಾಪವಿದೆ. ಒಂದು ಮಾಷಕ ಕೊಟ್ಟು ಅವನಿಂದ ಮುದ್ರೆ ಪಡೆದವನಿಗೆ ಮಾತ್ರ ನಾಡಿನೊಳಗೆ ಬರಲು, ನಾಡಿನಿಂದ ಹೊರಹೋಗಲು ಅನುಮತಿ. ಮುದ್ರೆಯಿಲ್ಲದ ನಾಡಿಗನಿಗೆ ಹನ್ನೆರಡು ಪಣ ದಂಡ. ನಮ್ಮ ಹಿರಿಯರ ಬಾಯಲ್ಲಿದ್ದ ‘ರಹದಾರಿ’ಯೂ ಇಂಥದೇ ಚೀಟಿ.

ಆದರೆ ಇಂದಿನ ಪಾಸ್‌ಪೋರ್ಟು, ವೀಸಾಗಳ ವ್ಯವಸ್ಥೆಗೆ ಮೊದಲನೆಯ ಮಹಾಯುದ್ಧವೇ ತಾಯಿ. 1914ಕ್ಕೆ ಮೊದಲು ಪಶ್ಚಿಮ ಯೂರೋಪಿನ ಹಲವು ಗಡಿಗಳನ್ನು ಯಾವ ಕಾಗದವೂ ಇಲ್ಲದೆ ದಾಟಬಹುದಿತ್ತು. ಯುದ್ಧಕಾಲಕ್ಕೆಂದು ಹೇರಿದ ನಿರ್ಬಂಧ ಯುದ್ಧ ಮುಗಿದರೂ ಮುಗಿಯಲಿಲ್ಲ. 1920ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಸಮ್ಮೇಳನವು ಹಳೆಯ ಸ್ವಾತಂತ್ರ್ಯ ಎಂದಾದರೂ ಮರಳಲೆಂದು ಹಾರೈಸುತ್ತಲೇ, 32 ಪುಟಗಳ ಏಕರೂಪದ ಪಾಸ್‌ಪೋರ್ಟ್ ಪುಸ್ತಿಕೆಯನ್ನು ಶಿಫಾರಸು ಮಾಡಿತು. ಹಾರೈಕೆ ಹಾರೈಕೆಯಾಗಿಯೇ ಉಳಿಯಿತು, ಪುಸ್ತಿಕೆ ಲೋಕವನ್ನೆಲ್ಲ ವ್ಯಾಪಿಸಿತು. ಅದೇ ವರ್ಷ ಭಾರತ ಪ್ರವೇಶಕ್ಕೂ ಪಾಸ್‌ಪೋರ್ಟ್ ಕಾಯಿದೆ ಬಂತು. ಅದು ರದ್ದಾಗಿ ಅದರ ಸ್ಥಾನಕ್ಕೆ ಹೊಸ ಕಾಯಿದೆ ಬಂದದ್ದು 2025ರಲ್ಲಿ.

ಸ್ವತಂತ್ರ ಭಾರತದಲ್ಲಿಯೂ ಪಾಸ್‌ಪೋರ್ಟು ಬಹುಕಾಲ ಸರಕಾರದ ಮರ್ಜಿಯ ವಸ್ತುವಾಗಿತ್ತು. ವಾಹನಗಳ ಬಿಡಿಭಾಗಗಳ ವ್ಯಾಪಾರಿ ಸತ್ವಂತ್ ಸಿಂಗ್ ಸಾಹ್ನಿ ತಮ್ಮ ಪಾಸ್‌ಪೋರ್ಟುಗಳನ್ನು ಹಿಂದಿರುಗಿಸುವಂತೆ ಬಂದ ಆದೇಶವನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ವಿದೇಶಕ್ಕೆ ಹೋಗುವ ಹಕ್ಕು ಸಂವಿಧಾನದ 21ನೆಯ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದಲ್ಲಿ ಸೇರಿದೆಯೆಂದು ನ್ಯಾಯಾಲಯ 1967ರ ಏಪ್ರಿಲಿನಲ್ಲಿ ತೀರ್ಪಿತ್ತಿತು. ಐವರು ನ್ಯಾಯಾಧೀಶರಲ್ಲಿ ಮೂವರದು ಆ ಮತ. ಅದೇ ವರ್ಷ ಪಾಸ್‌ಪೋರ್ಟ್ ಕಾಯಿದೆ ರೂಪುಗೊಂಡಿತು.

ಹೊರಡುವುದು ಹಕ್ಕಾಯಿತು. ಆದರೆ ಪರರ ಮನೆಯ ಬಾಗಿಲು ತೆರೆಯುವುದು ಮನೆಯೊಡೆಯನ ಇಚ್ಛೆ. ಆ ಇಚ್ಛೆಯ ಗುರುತೇ ವೀಸಾ. ಲ್ಯಾಟಿನ್ ಮೂಲದ ಈ ಪದಕ್ಕೆ ‘ನೋಡಲಾದ ಕಾಗದ’ ಎಂಬುದಷ್ಟೇ ಅರ್ಥ. ಪ್ರತಿ ಸಲವೂ ಹೊಸದಾಗಿ ನೋಡುವುದು ಬೇಡ, ಒಮ್ಮೆ ನೋಡಿದ್ದು ವರ್ಷಗಳ ಕಾಲ ಸಾಕು ಎಂಬ ಒಪ್ಪಿಗೆಯೇ ದೀರ್ಘಾವಧಿಯ ಬಹುಪ್ರವೇಶ ವೀಸಾ. ಇದರಲ್ಲಿ ದೇಶದೇಶಗಳ ಕೊಡುಕೊಳ್ಳುವಿಕೆಯೂ ಇದೆ. ಅಮೆರಿಕ ನಮಗೆ ಹತ್ತು ವರ್ಷ ಕೊಡುವಂತೆ ಅಲ್ಲಿಯ ಪ್ರಜೆಗಳಿಗೆ ಭಾರತವೂ ಹತ್ತು ವರ್ಷದ ಪ್ರವಾಸಿ ವೀಸಾ ಕೊಡುತ್ತದೆ. ಅಮೆರಿಕ ಮತ್ತು ಚೀನಾ 2014ರ ನವೆಂಬರಿನಲ್ಲಿ ಮಾತನಾಡಿಕೊಂಡು ಒಂದು ವರ್ಷದ ಅವಧಿಯನ್ನು ಹತ್ತಕ್ಕೆ ಏರಿಸಿದವು.

ಯೂರೋಪಿನ ಷೆಂಗೆನ್ ದೇಶಗಳ ಕ್ರಮ ಇನ್ನೂ ಸ್ವಾರಸ್ಯದ್ದು. 2024ರ ಏಪ್ರಿಲಿನಲ್ಲಿ ಭಾರತದಲ್ಲಿ ವಾಸಿಸುವ ಭಾರತೀಯರಿಗಾಗಿ ಮಾಡಿದ ನಿಯಮದಂತೆ, ಹಿಂದಿನ ಮೂರು ವರ್ಷಗಳಲ್ಲಿ ಎರಡು ವೀಸಾ ಪಡೆದು ನೇರ್ಪಾಗಿ ಬಳಸಿದವನಿಗೆ ಎರಡು ವರ್ಷದ ಬಹುಪ್ರವೇಶ ವೀಸಾ ದೊರೆಯಬಹುದು. ಪಾಸ್‌ಪೋರ್ಟಿನ ಅವಧಿ ಸಾಕಷ್ಟಿದ್ದರೆ ಅದರ ಮುಂದಿನ ಮೆಟ್ಟಿಲು ಐದು ವರ್ಷದ್ದು. ಹೇಳಿದ ಹೊತ್ತಿಗೆ ಮರಳಿದವನಿಗೇ ಬಾಗಿಲು ಹೆಚ್ಚು ತೆರೆಯುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಹತ್ತು ವರ್ಷದ ವೀಸಾ ಎಂದರೆ ಹತ್ತು ವರ್ಷ ಅಲ್ಲಿರಬಹುದೆಂದು ನಮ್ಮೂರಿನಲ್ಲಿ ಅನೇಕರು ನಂಬಿದ್ದರು. ಹಾಗಲ್ಲ. ಎಷ್ಟು ದಿನ ಇರಬಹುದೆಂಬುದನ್ನು ಪ್ರತಿ ಸಲವೂ ವಿಮಾನ ನಿಲ್ದಾಣದ ಅಧಿಕಾರಿ ನಿರ್ಧರಿಸುತ್ತಾನೆ. ಅಮೆರಿಕದಲ್ಲಿ ಅದು ಸಾಮಾನ್ಯವಾಗಿ ಆರು ತಿಂಗಳು, ಷೆಂಗೆನ್ ನಾಡುಗಳಲ್ಲಿ ಯಾವುದೇ 180 ದಿನಗಳೊಳಗೆ 90 ದಿನ. ವ್ಯಾಪಾರಿ ಹೋಗಿ ಗಿರಾಕಿಗಳನ್ನು ಕಾಣಬಹುದು, ಕರಾರು ಮಾತನಾಡಬಹುದು, ಆದರೆ ಅಲ್ಲಿ ಕೆಲಸಕ್ಕೆ ಸೇರುವಂತಿಲ್ಲ. ಕೊಟ್ಟದ್ದು ಮಲಗಿಬಿಡುವುದೂ ಉಂಟು. 2020ರ ಮಾರ್ಚಿನಲ್ಲಿ ಕೊರೊನಾ ಕಾರಣ ಭಾರತ ಸರಕಾರ ಪ್ರವಾಸಿ ವೀಸಾಗಳನ್ನೆಲ್ಲ ಅಮಾನತಿನಲ್ಲಿಟ್ಟಿತು. ಅಮೆರಿಕನ್ನರ ಹತ್ತು ವರ್ಷದವಕ್ಕೆ ಜೀವ ಮರಳಿದ್ದು 2022ರ ಮಾರ್ಚಿನಲ್ಲಿ.

ಈ ಚೀಟಿಯ ನಿಜವಾದ ಬೆಲೆಯನ್ನು ನಾನು ಕಂಡದ್ದು 2019ರಲ್ಲಿ. ಮೊದಲ ಪ್ರವಾಸ ಮುಗಿಸಿ ಬಂದಿದ್ದೆವು. ಒಂದು ನಡುರಾತ್ರಿ ಅಳಿಯಂದಿರ ಕರೆ ಬಂತು: ಮಗಳಿಗೆ ಏಳು ವಾರ ಮೊದಲೇ ಹೆರಿಗೆಯಾಗಿತ್ತು, ತಾಯಿಮಗು ಇಬ್ಬರೂ ಅಪಾಯದಲ್ಲಿದ್ದರು. ಮೂರನೆಯ ದಿನ ಮಡದಿ ಮಗಳ ಹಾಸಿಗೆಯ ಬಳಿ ಕುಳಿತಿದ್ದಳು. ಅದೇ ವರ್ಷ ನಮ್ಮ ಶಾಲೆಯ ನಿವೃತ್ತ ಚಿತ್ರಕಲಾ ಮೇಷ್ಟರ ಮಗ ಬೇರೊಂದು ದೇಶದಲ್ಲಿ ಅಪಘಾತಕ್ಕೀಡಾದ. ಮೇಷ್ಟರ ಬಳಿಯಿದ್ದದ್ದು ಒಂದೇ ಪ್ರವೇಶದ ವೀಸಾ, ಅದೂ ಹಿಂದಿನ ಪ್ರವಾಸದಲ್ಲಿ ಮುಗಿದಿತ್ತು. ಹೊಸ ಅರ್ಜಿ, ಹೊಸ ದಾಖಲೆ, ಹೊಸ ಕಾಯುವಿಕೆ. ವೀಸಾ ಅವರ ಕೈಸೇರಿದ ದಿನ ಮಗನ ಶರೀರ ಊರಿಗೆ ಹೊರಟಿತ್ತು. ಅವರು ಯಾರನ್ನೂ ದೂರಲಿಲ್ಲ. “ನಿಮ್ಮದು ಒಳ್ಳೆಯ ಚೀಟಿ ಸಾರ್, ಜೋಪಾನ” ಎಂದಷ್ಟೇ ಹೇಳಿದರು. ಮೊಮ್ಮಗಳ ಭಾವಚಿತ್ರವನ್ನು ಅವರಿಗೆ ತೋರಿಸಲು ನನಗೆ ಒಂದು ವರ್ಷ ಹಿಡಿಯಿತು.

ಹತ್ತು ವರ್ಷ ಮುಗಿಯುವುದು 2027ರಲ್ಲಿ. ನಡುವೆ ಪಾಸ್‌ಪೋರ್ಟು ಬದಲಾಯಿತು. ಮೂಲೆ ಕತ್ತರಿಸಿದ ಹಳೆಯದರಲ್ಲಿರುವ ವೀಸಾ ಇನ್ನೂ ಸಿಂಧುವಾದ್ದರಿಂದ ಎರಡನ್ನೂ ದಾರದಿಂದ ಕಟ್ಟಿ ಕಪಾಟಿನಲ್ಲಿಟ್ಟಿದ್ದೇವೆ. ಅಮ್ಮ ತೀರಿಕೊಂಡರು. “ಈ ಸಲ ಊರಿನಲ್ಲಿ ಯಾರಿದ್ದಾರೆಂದು ಕೇಳಿದರೆ ಏನು ಹೇಳೋಣ?” ಎಂದು ಮಡದಿ ಕೇಳುತ್ತಾಳೆ. ಎರಡು ಸಲ ಹೋಗಿದ್ದೇವೆ, ಎರಡು ಸಲವೂ ಬಂದಿದ್ದೇವೆ. ಅದನ್ನೇ ಹೇಳೋಣ ಎಂದಿದ್ದೇನೆ.